ಫಿಸಿಷಿಯನ್ ಅಸಿಸ್ಟೆಂಟ್ ಶಿಕ್ಷಣದ ಇತಿಹಾಸ

ಫಿಸಿಷಿಯನ್ ಅಸಿಸ್ಟೆಂಟ್ (ಪಿಎ) ಎಂದರೆ ವೈದ್ಯಕೀಯ ಪದವಿ ಪಡೆಯದಿದ್ದರೂ ವೈದ್ಯರೊಂದಿಗೆ ತಂಡವಾಗಿ ದುಡಿಯುತ್ತ ರೋಗಿಯ ಪೂರ್ವಚರಿತ್ರೆ ಕೇಳಿ, ಮೈ ಪರೀಕ್ಷಿಸಿ, ರೋಗವನ್ನು ಗುರುತಿಸಿ, ಚಿಕಿತ್ಸೆ ಸೂಚಿಸಬಲ್ಲ ವೃತ್ತಿಪರ. ಈ ವೃತ್ತಿಗೆ ಅಣಿಗೊಳಿಸುವ ಮೊದಲ ವ್ಯವಸ್ಥಿತ ವ್ಯಾಸಂಗ 1965ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಆಗ ಅದು ಪದವಿಯಲ್ಲ, ಎರಡು ವರ್ಷಗಳ ತರಬೇತಿ. ಇಂದು ಅಮೆರಿಕದಲ್ಲಿ 300ಕ್ಕೂ ಹೆಚ್ಚು ಸಂಸ್ಥೆಗಳು ಇದನ್ನು ಸ್ನಾತಕೋತ್ತರ ಪದವಿಯಾಗಿ ಕಲಿಸುತ್ತವೆ. ಪ್ರಮಾಣಿತ ಪಿಎಗಳ ಸಂಖ್ಯೆ 1,50,000 ದಾಟಿದೆ. ಅನುಭವವಿದ್ದೂ ಪದವಿಯಿಲ್ಲದವರಿಗಾಗಿ ಹುಟ್ಟಿದ ಶಿಕ್ಷಣವೊಂದು ಅರ್ಧ ಶತಮಾನದಲ್ಲಿ ಪದವಿಯಿಲ್ಲದೆ ಒಳಗೆ ಕಾಲಿಡಲಾಗದ ಶಿಕ್ಷಣವಾಗಿ ಬೆಳೆದದ್ದೇ ಈ ಇತಿಹಾಸದ ಮುಖ್ಯ ಎಳೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವೈದ್ಯರು ಹೆಚ್ಚು ಹೆಚ್ಚಾಗಿ ತಜ್ಞತೆಯ ಕಡೆಗೆ, ನಗರಗಳ ಕಡೆಗೆ ಹೊರಳಿದರು. ಹಳ್ಳಿಗಾಡಿನಲ್ಲಿ ಎಲ್ಲ ಕಾಯಿಲೆಗೂ ಮದ್ದು ಕೊಡುತ್ತಿದ್ದ ಸಾಮಾನ್ಯ ವೈದ್ಯರ ಪೀಳಿಗೆ ಮುಪ್ಪಾಗುತ್ತಿತ್ತು, ಅವರ ಜಾಗಕ್ಕೆ ಬರುವವರಿರಲಿಲ್ಲ. 1965ರ ಕಾನೂನಿನಿಂದ ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೇಡ್ ಯೋಜನೆಗಳು ಜಾರಿಯಾದಾಗ ಆಸ್ಪತ್ರೆಯ ಬಾಗಿಲಿಗೆ ಬರುವವರ ಸಂಖ್ಯೆ ಏರಿ, ವೈದ್ಯರ ಕೊರತೆ ಇನ್ನಷ್ಟು ಎದ್ದುಕಂಡಿತು.

ವೈದ್ಯರ ಕೆಲಸದ ಒಂದು ಪಾಲನ್ನು ಬೇರೆಯವರಿಗೆ ಕಲಿಸಬಹುದೆಂಬ ವಿಚಾರ ಹೊಸದೇನಲ್ಲ. ರಷ್ಯದಲ್ಲಿ ಫೆಲ್ಡ್‌ಷರ್‌ಗಳು ತಲೆಮಾರುಗಳಿಂದ ಹಳ್ಳಿಗಳ ಆರೋಗ್ಯ ನೋಡಿಕೊಂಡಿದ್ದರು. ಅಮೆರಿಕದಲ್ಲಿ ಡಾ. ಚಾರ್ಲ್ಸ್ ಹಡ್ಸನ್ 1961ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇಂಥ ಸಹಾಯಕರನ್ನು ರೂಪಿಸುವ ಸಲಹೆ ಮುಂದಿಟ್ಟರು. ಉತ್ತರ ಕೆರೊಲಿನಾದ ಗಾರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಅದು ಸದ್ದಿಲ್ಲದೆ ಆಗಲೇ ನಡೆದಿತ್ತು. ಅಲ್ಲಿನ ಡಾ. ಏಮಸ್ ಜಾನ್ಸನ್ ತಮ್ಮ ಸಹಾಯಕ ಹೆನ್ರಿ ಲೀ ಟ್ರೆಡ್‌ವೆಲ್ ಅವರಿಗೆ ಕೆಲಸವನ್ನು ಕೈಹಿಡಿದು ಕಲಿಸಿದ್ದರು. ಆಫ್ರಿಕನ್ ಅಮೆರಿಕನ್ನರಾದ ಟ್ರೆಡ್‌ವೆಲ್ ಯಾವ ವೈದ್ಯಕೀಯ ಶಾಲೆಗೂ ಹೋದವರಲ್ಲ; ಆದರೂ ಜಾನ್ಸನ್ ಊರಲ್ಲಿಲ್ಲದ ದಿನಗಳಲ್ಲಿ ಚಿಕಿತ್ಸಾಲಯ ನಿಲ್ಲದಂತೆ ನೋಡಿಕೊಳ್ಳುತ್ತಿದ್ದರು. ಡ್ಯೂಕ್‌ನ ಪ್ರಾಧ್ಯಾಪಕರಿಗೆ ಈ ಜೋಡಿಯ ಪರಿಚಯವಿತ್ತು. ಅಲ್ಲಿ ಮುಂದೆ ಬಂದ ಪಠ್ಯಕ್ರಮದ ಹಿಂದೆ ಈ ಹಳ್ಳಿಯ ಅನುಭವವೂ ಇತ್ತು ಎಂಬುದನ್ನು ಮರೆಯಬಾರದು.

ಡ್ಯೂಕ್‌ನ ಪ್ರಯೋಗ

ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಯೂಜೀನ್ ಸ್ಟೆಡ್ (ಜನನ 1908) ಯುದ್ಧಕಾಲದಲ್ಲಿ ವೈದ್ಯರನ್ನು ಮೂರೇ ವರ್ಷಗಳಲ್ಲಿ ತಯಾರುಮಾಡಿದ್ದನ್ನು ಕಂಡವರು. ಕಲಿಕೆಯ ಅವಧಿಯನ್ನು ತಗ್ಗಿಸಿದರೆ ಗುಣ ತಗ್ಗಲೇಬೇಕೆಂದಿಲ್ಲ ಎಂಬ ನಂಬಿಕೆ ಅವರಿಗೆ ಅಲ್ಲಿಂದ ಬಂದಿತ್ತು. 1950ರ ದಶಕದ ಕೊನೆಯಲ್ಲಿ ಅವರು ನರ್ಸಿಂಗ್ ಶಿಕ್ಷಕಿ ಥೆಲ್ಮಾ ಇಂಗಲ್ಸ್ ಜೊತೆಗೂಡಿ ಅನುಭವಿ ನರ್ಸುಗಳಿಗೆ ಉನ್ನತ ಕ್ಲಿನಿಕಲ್ ತರಬೇತಿ ಆರಂಭಿಸಿದರು. ಅಮೆರಿಕದ ನರ್ಸಿಂಗ್ ಶಿಕ್ಷಣದ ಮಾನ್ಯತಾ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಆ ದಾರಿ ಮುಚ್ಚಿದ ಮೇಲೆ ಸ್ಟೆಡ್ ಸೇನೆಯಿಂದ ಬಿಡುಗಡೆಯಾದವರತ್ತ ನೋಡಿದರು.

ನೌಕಾಪಡೆಯ ಕಾರ್ಪ್ಸ್‌ಮನ್‌ಗಳು ಹಡಗುಗಳಲ್ಲೂ ಯುದ್ಧಭೂಮಿಯಲ್ಲೂ ಗಾಯಕ್ಕೆ ಹೊಲಿಗೆ ಹಾಕಿ, ಜ್ವರ ನೋಡಿ, ಅನೇಕ ವೇಳೆ ಹತ್ತಿರದಲ್ಲಿ ವೈದ್ಯರೇ ಇಲ್ಲದೆ ಜೀವ ಉಳಿಸಿದವರು. ಸಮವಸ್ತ್ರ ಕಳಚಿದ ಕೂಡಲೇ ಆ ವಿದ್ಯೆಗೆ ಬೆಲೆ ಇರುತ್ತಿರಲಿಲ್ಲ; ಊರಿನ ಆಸ್ಪತ್ರೆಯಲ್ಲಿ ಅವರಿಗೆ ಸಿಗುತ್ತಿದ್ದದ್ದು ವಾರ್ಡ್‌ಬಾಯ್ ಮಟ್ಟದ ಕೆಲಸ. 1965ರ ಅಕ್ಟೋಬರಿನಲ್ಲಿ ಇಂಥ ನಾಲ್ವರು ಡ್ಯೂಕ್‌ಗೆ ಸೇರಿದರು. ಮೊದಲು ಅಂಗರಚನೆ, ಶರೀರಕ್ರಿಯೆ, ಔಷಧಶಾಸ್ತ್ರದಂಥ ವಿಷಯಗಳ ಪಾಠ, ನಂತರ ವಾರ್ಡುಗಳಲ್ಲಿ ವೈದ್ಯರ ಜೊತೆ ಕಲಿಕೆ. ವೈದ್ಯರಿಗೆ ಪಾಠ ಮಾಡುವವರೇ, ವೈದ್ಯರು ಯೋಚಿಸುವ ಕ್ರಮದಲ್ಲೇ ಇವರಿಗೂ ಪಾಠ ಮಾಡಬೇಕೆಂಬುದು ಸ್ಟೆಡ್ ಅವರ ನಿಲುವು. ಪಿಎ ಶಿಕ್ಷಣಕ್ಕೆ ಇಂದಿಗೂ ಉಳಿದುಬಂದಿರುವ ಲಕ್ಷಣ ಅದೇ.

1967ರ ಅಕ್ಟೋಬರ್ 6ರಂದು, ಸ್ಟೆಡ್ ಅವರ ಹುಟ್ಟುಹಬ್ಬದ ದಿನ, ಮೂವರು ವ್ಯಾಸಂಗ ಮುಗಿಸಿ ಹೊರಬಂದರು: ವಿಕ್ಟರ್ ಜರ್ಮಿನೊ, ಕೆನೆತ್ ಫೆರೆಲ್ ಮತ್ತು ರಿಚರ್ಡ್ ಶೀಲ್. ಅಮೆರಿಕದಲ್ಲಿ ಆ ದಿನವನ್ನು ಪಿಎ ದಿನವಾಗಿ ಆಚರಿಸುತ್ತಾರೆ. ಮರುವರ್ಷ ಪ್ರೆಂಟಿಸ್ ಹ್ಯಾರಿಸನ್ ಈ ತರಬೇತಿ ಮುಗಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಎನಿಸಿದರು. 1970ರಲ್ಲಿ ಜಾಯ್ಸ್ ನಿಕೋಲ್ಸ್ ಮೊದಲ ಮಹಿಳಾ ಪಿಎ ಆದರು. ಸೇನೆಯ ಗಂಡಸರಿಗೆಂದೇ ತೆರೆದಂತಿದ್ದ ಬಾಗಿಲನ್ನು ಆಕೆ ತಟ್ಟಿ ತೆರೆಸಿದರು; ಇಂದು ಅಮೆರಿಕದ ಪಿಎಗಳಲ್ಲಿ ಬಹುಪಾಲು ಮಹಿಳೆಯರೇ.

ಬೇರೆ ಬೇರೆ ಮಾದರಿಗಳು

ಡ್ಯೂಕ್ ಒಂದೇ ಮಾದರಿಯಾಗಿ ಉಳಿಯಲಿಲ್ಲ. ವೆಸ್ಟ್ ವರ್ಜೀನಿಯಾದ ಫಿಲಿಪ್ಪಿ ಎಂಬ ಸಣ್ಣ ಊರಿನ ಆಲ್ಡರ್ಸನ್-ಬ್ರಾಡಸ್ ಕಾಲೇಜಿನಲ್ಲಿ ಡಾ. ಹು ಮೈಯರ್ಸ್ 1968ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯಾಸಂಗ ಆರಂಭಿಸಿದರು. ಸೇನೆಯ ಅನುಭವವಿಲ್ಲದ, ಆಗತಾನೆ ಹೈಸ್ಕೂಲು ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರಿಗೂ ಈ ವೃತ್ತಿಗೆ ದಾರಿಯಾದದ್ದು ಇಲ್ಲಿ. ಅಲಬಾಮಾದ ಬರ್ಮಿಂಗ್‌ಹ್ಯಾಂನಲ್ಲಿ ಹೃದಯ ಶಸ್ತ್ರವೈದ್ಯ ಡಾ. ಜಾನ್ ಕರ್ಕ್‌ಲಿನ್ ಶಸ್ತ್ರಚಿಕಿತ್ಸೆಗೆ ಮೀಸಲಾದ ಸಹಾಯಕರನ್ನು ರೂಪಿಸತೊಡಗಿದರು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಡಾ. ಹೆನ್ರಿ ಸಿಲ್ವರ್ ಮಕ್ಕಳ ಆರೋಗ್ಯಕ್ಕೆಂದೇ ಪ್ರತ್ಯೇಕ ವ್ಯಾಸಂಗ ಕಟ್ಟಿದರು. ಸ್ನಾತಕೋತ್ತರ ಪದವಿ ಕೊಡುವುದರಲ್ಲೂ ಕೊಲರಾಡೊ ಮುಂದಾಳಾಯಿತು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡಾ. ರಿಚರ್ಡ್ ಸ್ಮಿತ್ 1969ರಲ್ಲಿ ಆರಂಭಿಸಿದ ಮೆಡೆಕ್ಸ್ ಯೋಜನೆ ಇವುಗಳಲ್ಲೆಲ್ಲ ಧೈರ್ಯದ್ದು. ಅಮೆರಿಕದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್‌ನ ವೈದ್ಯರಾಗಿ ನೈಜೀರಿಯದಲ್ಲಿ ದುಡಿದಿದ್ದ ಸ್ಮಿತ್, ಬೆರಳೆಣಿಕೆಯ ವೈದ್ಯರಿಂದ ಇಡೀ ಪ್ರದೇಶದ ಆರೋಗ್ಯ ನಡೆಯದೆಂಬುದನ್ನು ಕಣ್ಣಾರೆ ಕಂಡಿದ್ದರು. ಅವರ ಕ್ರಮದಲ್ಲಿ ಮಾಜಿ ಕಾರ್ಪ್ಸ್‌ಮನ್‌ಗಳಿಗೆ ಮೂರು ತಿಂಗಳು ವಿಶ್ವವಿದ್ಯಾಲಯದ ಪಾಠ, ನಂತರ ಒಂದು ವರ್ಷ ಹಳ್ಳಿಯ ವೈದ್ಯರೊಬ್ಬರ ಬಳಿ ಪಳಗುವಿಕೆ. ವೈದ್ಯರ ಅಗತ್ಯ ಯಾವ ಊರಿಗಿದೆ ಎಂದು ಮೊದಲು ಗುರುತಿಸಿ, ಆ ಊರಿಗೆ ತಕ್ಕ ವಿದ್ಯಾರ್ಥಿಯನ್ನು ಆಮೇಲೆ ಹೊಂದಿಸುತ್ತಿದ್ದರು. ಶಿಕ್ಷಣವನ್ನು ಕಾಲೇಜಿನ ಅನುಕೂಲದಿಂದಲ್ಲ, ರೋಗಿಯ ಅಗತ್ಯದಿಂದ ಕಟ್ಟಬೇಕೆಂಬ ಪಾಠವನ್ನು ಮೆಡೆಕ್ಸ್‌ನಷ್ಟು ಸ್ಪಷ್ಟವಾಗಿ ಹೇಳಿದ ಯೋಜನೆ ಇನ್ನೊಂದಿಲ್ಲ.

ವಿರೋಧವೂ ಇತ್ತು. 1966ರಲ್ಲಿ ಲುಕ್ ಪತ್ರಿಕೆ ಡ್ಯೂಕ್‌ನ ಪ್ರಯೋಗದ ಬಗ್ಗೆ ಬರೆದಾಗ, ಈ ಹೊಸಬರು ನರ್ಸುಗಳಿಗಿಂತ ಮೇಲು, ವೈದ್ಯರಿಗಿಂತ ಕೆಳಗೆ ಎಂಬ ಅರ್ಥ ಬರುವ ತಲೆಬರಹ ಕೊಟ್ಟಿತು. ನರ್ಸುಗಳು ಸಿಡಿದೆದ್ದರು. ಅವರ ಸಿಟ್ಟಿಗೆ ಕಾರಣವಿತ್ತು: ವರ್ಷಗಟ್ಟಲೆ ರೋಗಿಗಳ ಪಕ್ಕದಲ್ಲಿ ನಿಂತವರನ್ನು ಬಿಟ್ಟು ಬೇರೆಯವರಿಗೆ ಅಧಿಕಾರ ಸಿಗುತ್ತಿತ್ತು. ಇದೇ ಕಾಲದಲ್ಲಿ, 1965ರಲ್ಲಿ, ಸಿಲ್ವರ್ ಮತ್ತು ನರ್ಸ್ ಲೊರೆಟ್ಟಾ ಫೋರ್ಡ್ ಕೊಲರಾಡೊದಲ್ಲಿ, ನರ್ಸುಗಳನ್ನೇ ರೋಗ ಗುರುತಿಸಿ ಚಿಕಿತ್ಸೆ ಕೊಡಲು ಅಣಿಗೊಳಿಸುವ ನರ್ಸ್ ಪ್ರಾಕ್ಟಿಷನರ್ ವ್ಯಾಸಂಗ ಆರಂಭಿಸಿದ್ದರು. ಅಂದಿನಿಂದ ಎರಡೂ ವೃತ್ತಿಗಳು ಅಕ್ಕಪಕ್ಕದಲ್ಲಿ ಬೆಳೆದಿವೆ.

ಮಾನ್ಯತೆ, ಪರೀಕ್ಷೆ, ಕಾನೂನು

1970ರ ದಶಕದಲ್ಲಿ ಈ ಚದುರಿದ ಪ್ರಯೋಗಗಳಿಗೆ ಒಂದು ಚೌಕಟ್ಟು ಬಂತು. 1971ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ತರಬೇತಿಯ ಕನಿಷ್ಠ ಮಾನದಂಡಗಳನ್ನು ಒಪ್ಪಿತು. ಅದೇ ವರ್ಷದ ಆರೋಗ್ಯ ಮಾನವಶಕ್ತಿ ಕಾನೂನಿನಿಂದ ಕೇಂದ್ರ ಸರ್ಕಾರದ ಹಣ ಹರಿದುಬಂದು ಹೊಸ ವ್ಯಾಸಂಗಗಳು ಹುಟ್ಟಿಕೊಂಡವು. 1972ರಲ್ಲಿ ಕಲಿಸುವ ಸಂಸ್ಥೆಗಳ ಸಂಘ ಸ್ಥಾಪನೆಯಾಯಿತು. 1973ರಲ್ಲಿ ವೈದ್ಯಕೀಯ ಪರೀಕ್ಷಾ ಮಂಡಳಿ ಮೊದಲ ರಾಷ್ಟ್ರೀಯ ಪರೀಕ್ಷೆ ನಡೆಸಿತು. ಕೆಲಸದ ಮೂಲಕವೇ ಕಲಿತವರಿಗೂ ಅದನ್ನು ಬರೆಯಲು ಆಗ ಅವಕಾಶವಿತ್ತು. 1980ರ ದಶಕದಲ್ಲಿ ಆ ದಾರಿ ಮುಚ್ಚಿ, ಮಾನ್ಯತೆ ಪಡೆದ ವ್ಯಾಸಂಗವೊಂದೇ ದಾರಿಯಾಯಿತು. ಟ್ರೆಡ್‌ವೆಲ್ ಅವರಂಥವರು ಇನ್ನು ಮುಂದೆ ಈ ವೃತ್ತಿಗೆ ಬರುವಂತಿರಲಿಲ್ಲ.

ರಾಜ್ಯಗಳ ಕಾನೂನುಗಳು ಒಂದೊಂದಾಗಿ ಬದಲಾದವು. ಪಿಎಗಳಿಗೆ ಅನುಮತಿ ಕೊಟ್ಟ ಕೊನೆಯ ರಾಜ್ಯ ಮಿಸಿಸಿಪ್ಪಿ, 2000ದಲ್ಲಿ. ಔಷಧ ಬರೆದುಕೊಡುವ ಅಧಿಕಾರ ಎಲ್ಲ ರಾಜ್ಯಗಳಲ್ಲೂ ದೊರೆತದ್ದು 2007ರಲ್ಲಿ, ಇಂಡಿಯಾನ ಒಪ್ಪಿದ ಮೇಲೆ.

ಪ್ರಮಾಣಪತ್ರದಿಂದ ಸ್ನಾತಕೋತ್ತರ ಪದವಿಗೆ

ಆರಂಭದ ದಶಕಗಳಲ್ಲಿ ಒಂದು ಸಂಸ್ಥೆ ಪ್ರಮಾಣಪತ್ರ ಕೊಟ್ಟರೆ ಇನ್ನೊಂದು ಡಿಪ್ಲೊಮಾ, ಮತ್ತೊಂದು ಪದವಿ ಕೊಡುತ್ತಿತ್ತು. ಮಾನ್ಯತಾ ನಿಯಮಗಳು ವಿದ್ಯಾರ್ಥಿಗೆ ಏನು ಬರಬೇಕು ಎಂಬುದನ್ನು ನೋಡುತ್ತಿದ್ದವೇ ಹೊರತು ಯಾವ ಪದವಿ ಎಂಬುದನ್ನಲ್ಲ. 1990ರ ದಶಕದಲ್ಲಿ ಗಾಳಿ ತಿರುಗಿತು. ಕಲಿಕೆಯ ಹೊರೆ ಆಗಲೇ ಸ್ನಾತಕೋತ್ತರ ಮಟ್ಟದ್ದಾಗಿರುವಾಗ ಪದವಿ ಮಾತ್ರ ಕೆಳಗಿನದೇಕೆ ಎಂಬ ಪ್ರಶ್ನೆ ಎದ್ದಿತು. ನರ್ಸ್ ಪ್ರಾಕ್ಟಿಷನರ್‌ಗಳು ಸ್ನಾತಕೋತ್ತರ ಪದವಿಯತ್ತ ಸಾಗಿದ್ದೂ ಒತ್ತಡ ತಂದಿತು. 2000ದ ಹೊತ್ತಿಗೆ ಶಿಕ್ಷಣ ಸಂಸ್ಥೆಗಳ ಸಂಘ ಸ್ನಾತಕೋತ್ತರ ಪದವಿಯೇ ತಕ್ಕದ್ದೆಂದು ಹೇಳಿತು. 2001ರಲ್ಲಿ ಈ ವ್ಯಾಸಂಗಗಳಿಗೆ ಮಾನ್ಯತೆ ಕೊಡುವ ಆಯೋಗ ಸ್ವತಂತ್ರ ಸಂಸ್ಥೆಯಾಯಿತು. ಎಲ್ಲ ವ್ಯಾಸಂಗಗಳೂ 2020ರೊಳಗೆ ಸ್ನಾತಕೋತ್ತರ ಪದವಿ ನೀಡುವಂತಾಗಬೇಕೆಂದು ಅದು ಮುಂದೆ ಗಡುವು ವಿಧಿಸಿತು.

ಇದರಿಂದ ವೃತ್ತಿಗೆ ಗೌರವ ಬಂತು, ಮಟ್ಟ ಏಕರೂಪವಾಯಿತು. ಆದರೆ ಸಮುದಾಯ ಕಾಲೇಜುಗಳಲ್ಲಿ ಕಡಿಮೆ ಶುಲ್ಕದಲ್ಲಿ ನಡೆಯುತ್ತಿದ್ದ ವ್ಯಾಸಂಗಗಳು ವಿಶ್ವವಿದ್ಯಾಲಯಗಳ ಜೊತೆ ಕೈಜೋಡಿಸಬೇಕಾಯಿತು, ಇಲ್ಲವೇ ಮುಚ್ಚಬೇಕಾಯಿತು. ಮೊದಲ ಪದವಿಯ ಖರ್ಚಿನ ಮೇಲೆ ಎರಡನೆಯದರ ಖರ್ಚು ಸೇರಿ, ಬಡ ಕುಟುಂಬದ, ಹಳ್ಳಿಯ, ಸೇನೆಯಿಂದ ಬಂದ ಅಭ್ಯರ್ಥಿಗಳಿಗೆ ದಾರಿ ಕಿರಿದಾಯಿತು.

ಇಂದಿನ ಶಿಕ್ಷಣಕ್ರಮ

ಇಂದು ಅಮೆರಿಕದಲ್ಲಿ ಪಿಎ ವ್ಯಾಸಂಗ ಸಾಮಾನ್ಯವಾಗಿ 27 ತಿಂಗಳ ಆಸುಪಾಸಿನದು. ಸೇರಲು ಪದವಿ ಬೇಕು. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಅಂಗರಚನೆ, ಶರೀರಕ್ರಿಯೆಗಳನ್ನು ಓದಿರಬೇಕು. ರೋಗಿಗಳ ಆರೈಕೆಯಲ್ಲಿ ನೂರಾರು ಗಂಟೆಗಳ ಅನುಭವವನ್ನೂ ಬಹುತೇಕ ಸಂಸ್ಥೆಗಳು ಕೇಳುತ್ತವೆ. ಕಾರ್ಪ್ಸ್‌ಮನ್‌ಗಳ ಪರಂಪರೆಯಲ್ಲಿ ಉಳಿದಿರುವ ತುಣುಕು ಇದು. ಮೊದಲ ವರ್ಷ ತರಗತಿಯ ಪಾಠ. ನಂತರ ಸುಮಾರು 2,000 ಗಂಟೆಗಳ ಕ್ಲಿನಿಕಲ್ ಕಲಿಕೆ. ಕುಟುಂಬ ವೈದ್ಯಕೀಯ, ಸಾಮಾನ್ಯ ವೈದ್ಯಕೀಯ, ಶಸ್ತ್ರಚಿಕಿತ್ಸೆ, ಮಕ್ಕಳ ಆರೋಗ್ಯ, ಸ್ತ್ರೀ ಆರೋಗ್ಯ, ಮಾನಸಿಕ ಆರೋಗ್ಯ, ತುರ್ತು ಚಿಕಿತ್ಸೆ ವಿಭಾಗಗಳಲ್ಲಿ ವಿದ್ಯಾರ್ಥಿ ಒಂದೊಂದಾಗಿ ಸುತ್ತಬೇಕು. ಕೊನೆಗೆ 300 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ. ಪ್ರಮಾಣಪತ್ರ ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ 100 ಗಂಟೆಗಳ ಮುಂದುವರಿದ ಕಲಿಕೆಯ ದಾಖಲೆ ತೋರಿಸಬೇಕು.

ವೈದ್ಯರ ಶಿಕ್ಷಣಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ, ಪಿಎಗೆ ಕಡ್ಡಾಯ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಇಲ್ಲದಿರುವುದು. ಎಲ್ಲ ವಿಭಾಗಗಳಿಗೂ ಸಾಮಾನ್ಯವಾದ ಬುನಾದಿ ಇರುವುದರಿಂದ ಪಿಎ ತನ್ನ ವೃತ್ತಿಜೀವನದ ನಡುವೆ ಮೂಳೆ ವಿಭಾಗದಿಂದ ಚರ್ಮ ವಿಭಾಗಕ್ಕೆ, ಅಲ್ಲಿಂದ ಹಳ್ಳಿಯ ಚಿಕಿತ್ಸಾಲಯಕ್ಕೆ ಹೋಗಬಹುದು. ಇತ್ತೀಚೆಗೆ ಕೆಲವು ವಿಶ್ವವಿದ್ಯಾಲಯಗಳು ಪಿಎಗಳಿಗಾಗಿ ಡಾಕ್ಟರೇಟ್ ಮಟ್ಟದ ವ್ಯಾಸಂಗವನ್ನೂ ತೆರೆದಿವೆ. 2021ರಲ್ಲಿ ಅಮೆರಿಕದ ಪಿಎಗಳ ವೃತ್ತಿಸಂಘ ತನ್ನ ಸದಸ್ಯರನ್ನು ಫಿಸಿಷಿಯನ್ ಅಸೋಸಿಯೇಟ್ ಎಂದು ಕರೆಯಲು ನಿರ್ಧರಿಸಿತು.

ಇತರ ದೇಶಗಳು

ನೆದರ್ಲೆಂಡ್ಸ್ 2001ರಲ್ಲಿ ಸ್ನಾತಕೋತ್ತರ ಮಟ್ಟದಲ್ಲೇ ಈ ಶಿಕ್ಷಣ ಆರಂಭಿಸಿತು. ಕೆನಡದ ಮ್ಯಾನಿಟೋಬಾ ಮತ್ತು ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಗಳಲ್ಲಿ 2008ರಲ್ಲಿ ಸೇನೆಗೆ ಸೇರದವರಿಗೆ ವ್ಯಾಸಂಗ ತೆರೆಯಿತು. ಬ್ರಿಟನ್ನಿನಲ್ಲಿ ಪದವೀಧರರಿಗೆ ಎರಡು ವರ್ಷಗಳ ವ್ಯಾಸಂಗವಿದ್ದು, 2024ರ ಡಿಸೆಂಬರಿನಿಂದ ಜನರಲ್ ಮೆಡಿಕಲ್ ಕೌನ್ಸಿಲ್ ಇವರನ್ನು ನೋಂದಾಯಿಸುತ್ತಿದೆ. ಅಲ್ಲಿ ತೀವ್ರ ವಿವಾದವೂ ಎದ್ದಿದೆ. ಇದನ್ನು ಪರಿಶೀಲಿಸಿದ ಪ್ರೊ. ಜಿಲಿಯನ್ ಲೆಂಗ್ ಅವರ 2025ರ ವರದಿ, ರೋಗಿಗೆ ಗೊಂದಲವಾಗದಂತೆ ಅಸೋಸಿಯೇಟ್ ಬದಲು ಅಸಿಸ್ಟೆಂಟ್ ಎಂದೇ ಕರೆಯಬೇಕು, ಪರೀಕ್ಷೆಯಾಗದ ಹೊಸ ರೋಗಿಗಳನ್ನು ಇವರು ನೋಡುವುದಕ್ಕೆ ಮಿತಿ ಇರಬೇಕು ಎಂದು ಸೂಚಿಸಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಪಿಎ ಶಿಕ್ಷಣವನ್ನು 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರವೈದ್ಯ ಡಾ. ಕೆ.ಎಂ. ಚೆರಿಯನ್ ಆರಂಭಿಸಿದರು. ಅಮೆರಿಕದಲ್ಲಿ ವೃತ್ತಿ ಹುಟ್ಟಿದ್ದು ಹಳ್ಳಿಯ ಕೊರತೆಯಿಂದ. ಇಲ್ಲಿ ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರ್ ಮತ್ತು ಐಸಿಯುಗಳ ಅಗತ್ಯದಿಂದ. ಆದ್ದರಿಂದಲೇ ಭಾರತದ ಪಿಎಗಳು ಹೆಚ್ಚಾಗಿ ನಗರದ ಖಾಸಗಿ ಆಸ್ಪತ್ರೆಗಳಲ್ಲಿದ್ದಾರೆ. ಶಿಕ್ಷಣವೂ ಮುಖ್ಯವಾಗಿ ಪಿಯುಸಿ ನಂತರದ ಪದವಿ ಮಟ್ಟದಲ್ಲಿದೆ. ಕರ್ನಾಟಕದಲ್ಲಿ ಮಣಿಪಾಲದ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಬಿ.ಎಸ್ಸಿ. ಪದವಿ ನೀಡುತ್ತದೆ.

ವೈದ್ಯರಿಗಿಂತ ಕಡಿಮೆ ಅವಧಿಯಲ್ಲಿ ಕಲಿತು ಹಳ್ಳಿಯಲ್ಲಿ ದುಡಿಯುವವರು ಈ ದೇಶಕ್ಕೆ ಅಪರಿಚಿತರಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಎಲ್.ಎಂ.ಪಿ. (ಲೈಸೆನ್ಷಿಯೇಟ್) ವೈದ್ಯರಿದ್ದರು. ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ಒಂದೇ ದರ್ಜೆಯ ವೈದ್ಯರಿರಬೇಕೆಂದು ಹೇಳಿದ ಮೇಲೆ ಆ ಶಿಕ್ಷಣ ನಿಂತಿತು. 2001ರಲ್ಲಿ ಛತ್ತೀಸಗಢ ಮೂರು ವರ್ಷಗಳ ವ್ಯಾಸಂಗದಿಂದ ಗ್ರಾಮೀಣ ಚಿಕಿತ್ಸಕರನ್ನು ರೂಪಿಸಲು ಮತ್ತೆ ಯತ್ನಿಸಿತು. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯಿದೆ ಪಿಎ ವೃತ್ತಿಯನ್ನು ತನ್ನ ಪಟ್ಟಿಗೆ ಸೇರಿಸಿದೆ. ಆ ಕಾಯಿದೆಯ ಪ್ರಕಾರ ಹೆಲ್ತ್‌ಕೇರ್ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆಗಳ ಕಲಿಕೆ ಬೇಕು. ದಶಕಗಳ ಕಾಲ ನೋಂದಣಿಯೇ ಇಲ್ಲದೆ ದುಡಿದವರಿಗೆ ಇದು ಮೊದಲ ಕಾನೂನು ಮನ್ನಣೆ.

ಮೌಲ್ಯಮಾಪನ

ಸರಿಯಾದ ಗುರುಗಳು ಸಿಕ್ಕರೆ ವೈದ್ಯವಿದ್ಯೆಯ ದೊಡ್ಡ ಭಾಗವನ್ನು ಎರಡು ಮೂರು ವರ್ಷಗಳಲ್ಲಿ, ವೈದ್ಯರ ಜೊತೆಗಿದ್ದು, ಸುರಕ್ಷಿತವಾಗಿ ಕಲಿಸಬಹುದೆಂಬುದನ್ನು ಈ ಶಿಕ್ಷಣ ತೋರಿಸಿಕೊಟ್ಟಿದೆ. ಪದವಿಯ ಮಟ್ಟ ಏರಿದ್ದು ರೋಗಿಯ ಸುರಕ್ಷತೆಗೆ ಒಳ್ಳೆಯದೇ. ಆದರೆ ಪ್ರವೇಶದ ಬಾಗಿಲು ಎತ್ತರವಾದಷ್ಟೂ ಸ್ಟೆಡ್ ಮತ್ತು ಸ್ಮಿತ್ ಹುಡುಕಿಕೊಂಡು ಹೋದಂಥ ವಿದ್ಯಾರ್ಥಿಗಳು ಹೊರಗೇ ಉಳಿಯುತ್ತಾರೆ, ಅವರು ಮರಳಬೇಕಿದ್ದ ಊರುಗಳೂ ಖಾಲಿಯಾಗಿಯೇ ಉಳಿಯುತ್ತವೆ. ವಿದ್ಯಾರ್ಥಿವೇತನ, ಅನುಭವಕ್ಕೆ ಪ್ರವೇಶದಲ್ಲಿ ಬೆಲೆ, ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಕಡ್ಡಾಯ ಕಲಿಕೆ ಇವುಗಳಿಂದ ಮಾತ್ರ ಸುರಕ್ಷತೆ ಮತ್ತು ಮುಕ್ತ ಪ್ರವೇಶವೆಂಬ ಎರಡೂ ಗುರಿಗಳು ಕೂಡಿಬರುತ್ತವೆ. ತನ್ನ ನಿಯಮಗಳನ್ನು ಈಗಷ್ಟೇ ರೂಪಿಸಿಕೊಳ್ಳುತ್ತಿರುವ ಭಾರತ ಇವುಗಳನ್ನು ಆರಂಭದಲ್ಲೇ ಸೇರಿಸಿಕೊಳ್ಳಬಹುದು. ಅಮೆರಿಕ ಇವುಗಳನ್ನು ಈಗ ಹಿಂದಿರುಗಿ ಜೋಡಿಸಬೇಕಾಗಿದೆ.