ದಾಸ್ತಾನು ಕೊಠಡಿಯಾಗಿ ಉಳಿದ ಸಿನಗಾಗ್
(ಜಾಗವೇ ಕಲೆ, ಭಾಗ 4)

ಜರ್ಮನಿಯ ಕಲೋನ್ ಹತ್ತಿರ ಸ್ಟೊಮೆಲ್ನ್ ಅಂತ ಊರಿದೆ. 1882ರಲ್ಲಿ ಅಲ್ಲಿನ ಯಹೂದಿಗಳು ಕಟ್ಟಿದ ಪುಟ್ಟ ಸಿನಗಾಗ್, ಅಂದ್ರೆ ಅವರ ಪ್ರಾರ್ಥನಾ ಮಂದಿರ, ಇವತ್ತಿಗೂ ಗಟ್ಟಿಯಾಗಿದೆ. ಹೇಗೆ ಉಳೀತು ಗೊತ್ತಾ? 1937ರಲ್ಲಿ ಅದನ್ನು ಒಬ್ಬ ರೈತನಿಗೆ ಮಾರಿದ್ದರು. ಮರುವರ್ಷ ನಾಜಿಗಳು ದೇಶದ ತುಂಬಾ ಸಿನಗಾಗ್‌ಗಳಿಗೆ ಬೆಂಕಿ ಇಟ್ಟಾಗ ಇದು ಬರೀ ಸಾಮಾನು ತುಂಬೋ ಕೋಣೆ! ಗೋಡೆ ಉಳಿಯಿತು, ಪ್ರಾರ್ಥನೆ ಮಾಡೋರು ಊರಲ್ಲಿ ಉಳಿಯಲಿಲ್ಲ.

1991ರಿಂದ ಆ ಖಾಲಿ ಕೋಣೆಗೆ ಕಲಾವಿದರನ್ನು ಕರೆಯೋಕೆ ಶುರು ಮಾಡಿದರು. ಷರತ್ತು ಇಷ್ಟೇ: ಇಲ್ಲಿಗೇ ಅಂತ ಹೊಸದಾಗಿ ಏನಾದರೂ ಮಾಡಬೇಕು. 1992ರಲ್ಲಿ ಅಮೆರಿಕದ ಶಿಲ್ಪಿ ರಿಚರ್ಡ್ ಸೆರ್ರಾ ಎರಡು ಭಾರೀ ಉಕ್ಕಿನ ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ. ಒಂದು ತೆಗೆದರೆ ಇನ್ನೊಂದು ಬೀಳುತ್ತೆ. ಅದಕ್ಕೆ ಅವನಿಟ್ಟ ಹೆಸರು, ಆಶ್‌ವಿಟ್ಜ್‌ನಿಂದ ಬದುಕಿ ಬಂದ ಪ್ರೀಮೊ ಲೆವಿಯ ಪುಸ್ತಕದ್ದು.

ಈಗ 2006ಕ್ಕೆ ಬನ್ನಿ. ಸ್ಪೇನ್‌ನ ಸಾಂಟಿಯಾಗೊ ಸಿಯೆರಾ ಹೊರಗೆ ಆರು ಕಾರು ನಿಲ್ಲಿಸಿ, ಅವುಗಳ ಹೊಗೆಯನ್ನು ಪೈಪ್ ಮೂಲಕ ಸಿನಗಾಗ್ ಒಳಗೆ ಬಿಟ್ಟ. ನೋಡೋಕೆ ಬಂದವರು ಗ್ಯಾಸ್ ಮಾಸ್ಕ್ ಹಾಕಿಕೊಂಡು, ಅಗ್ನಿಶಾಮಕ ಸಿಬ್ಬಂದಿ ಜೊತೆ ಒಬ್ಬೊಬ್ಬರಾಗಿ ಒಳಗೆ ಹೋಗಬೇಕು. ಹೆಸರು '245 ಘನ ಮೀಟರ್', ಅಂದ್ರೆ ಆ ಕೋಣೆಯ ಅಳತೆ. ನರಮೇಧದ ನೆನಪು ಬರೀ ಶಾಸ್ತ್ರವಾಗಿಬಿಟ್ಟಿದೆ, ಅದರ ವಿರುದ್ಧ ಇದು ಅನ್ನೋದು ಅವನ ವಾದ. ವಿಷಗಾಳಿಯಲ್ಲಿ ಮನೆಯವರನ್ನು ಕಳೆದುಕೊಂಡ ಸಮುದಾಯಕ್ಕೆ ಅದು ಹೇಗೆ ಕಂಡಿರಬೇಡ? ಯಹೂದಿ ಸಂಘಟನೆಗಳು ಸಿಡಿದೆದ್ದವು, ಪ್ರದರ್ಶನ ಅಲ್ಲಿಗೇ ನಿಂತಿತು.

ನನಗಂತೂ ಸೆರ್ರಾನ ಮೂಕ ಉಕ್ಕೇ ಹೆಚ್ಚು ಕಾಡುತ್ತೆ. ನೀವಾಗಿದ್ರೆ ಆ ಮಾಸ್ಕ್ ಹಾಕ್ಕೊಂಡು ಒಳಗೆ ಹೋಗ್ತಿದ್ರಾ? ಕಾಮೆಂಟಲ್ಲಿ ಹೇಳಿ.