ಒಂಬತ್ತು ದಿನದ ನೇಮಕ, 240 ದಿನದ ಲೆಕ್ಕ

ತಾತ್ಕಾಲಿಕ ನೌಕರನಿಗೆ ‘ನಾಳೆಯಿಂದ ಬರಬೇಡ’ ಎನ್ನುವುದು ಮಾಲೀಕನ ಹಕ್ಕೇ? 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ತಂದ ತಿದ್ದುಪಡಿ ಇದಕ್ಕೆ ಕಡಿವಾಣ ಹಾಕಿತು. ವರ್ಷವಿಡೀ ಸತತವಾಗಿ ದುಡಿದವನನ್ನು ಕೆಲಸದಿಂದ ಕಡಿತ ಮಾಡಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕಾಯಿತು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದನ್ನೇ ಒಂದು ವರ್ಷವೆಂದು ಎಣಿಸಲಾಗುತ್ತಿತ್ತು.

ಆದರೆ ಅವಧಿ ಗೊತ್ತುಮಾಡಿಯೇ ಕೊಟ್ಟ ಕೆಲಸದ ಗತಿ ಏನು? 1976ರಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸ್ಟೇಟ್ ಬ್ಯಾಂಕಿನ ಕ್ಯಾಷಿಯರ್ ಒಬ್ಬರ ನೇಮಕಾತಿ ಆದೇಶದಲ್ಲಿ ಇದ್ದದ್ದು ಒಂಬತ್ತೇ ದಿನ. ಆದರೆ ಆಗಾಗ ಬಿಟ್ಟು ಮಾಡಿದ ಕೆಲಸವನ್ನೆಲ್ಲ ಕೂಡಿಸಿದಾಗ 240 ದಿನ ದಾಟಿತ್ತು. ಅವಧಿ ಮುಗಿದು ಕೆಲಸ ಹೋದರೂ ಅದು ಕಡಿತವೇ ಎಂದಿತು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು.

ಈ ಬಾಗಿಲು ಬಹಳ ಕಾಲ ತೆರೆದಿರಲಿಲ್ಲ. ಕರಾರು ಮುಗಿದು ನವೀಕರಣವಾಗದಿದ್ದರೆ ಅದು ಕಡಿತವಲ್ಲ ಎಂದು 1984ರಲ್ಲಿ ಕಾಯ್ದೆಯನ್ನೇ ತಿದ್ದಲಾಯಿತು. 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿ ನೌಕರರೊಬ್ಬರ ಪ್ರಕರಣದಲ್ಲಿ ಇನ್ನೊಂದು ಮಾತು ಸ್ಪಷ್ಟವಾಯಿತು: 240 ದಿನ ದುಡಿದೆನೆಂದು ಸಾಬೀತುಪಡಿಸುವ ಹೊಣೆ ನೌಕರನದೇ, ಬರಿಯ ಅಫಿಡವಿಟ್ ಸಾಲದು.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ನೋಟಿಸ್ ಮತ್ತು ಪರಿಹಾರದ ನಿಯಮ ಉಳಿದಿದೆ; ಕರಾರಿನ ಅವಧಿ ಪೂರೈಸಿ ಹೊರಬೀಳುವವರಿಗೆ ಮಾತ್ರ ಅದು ಅನ್ವಯಿಸದು. ಕಾನೂನು ಬದಲಾದರೂ ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಿಯ ದಾಖಲೆಗಳ ಬೆಲೆ ಕುಗ್ಗಿಲ್ಲ. ದುಡಿದ ದಿನಗಳಿಗೆ ಸಾಕ್ಷಿ ಹೇಳುವವು ಅವೇ.