ಭಗತ್ ಸಿಂಗ್ ಥಿಂಡ್ ಬಿಳಿಯನೋ ಅಲ್ಲವೋ?

ಅಮೆರಿಕದ ಹೆಸರಾಂತ ಕೋರ್ಟ್ ಕೇಸುಗಳು ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಓ.ಜೆ. ಸಿಂಪ್ಸನ್ನು, ಇಲ್ಲವೇ ಮೆಕ್‌ಡೊನಾಲ್ಡ್ಸ್ ಕಾಫಿ ಮೈಮೇಲೆ ಚೆಲ್ಲಿ ದಾವಾ ಹೂಡಿದ ಅಜ್ಜಿ. ಸ್ವಲ್ಪ ಚರಿತ್ರೆ ಓದಿಕೊಂಡವರು ಶಾಲೆಗಳಲ್ಲಿ ವರ್ಣಭೇದ ಕೂಡದು ಎಂದ 1954ರ ಬ್ರೌನ್ ತೀರ್ಪಿನ ಹೆಸರು ಹೇಳಿಯಾರು. ಆದರೆ ಭಾರತದಿಂದ ಹೋದವರನ್ನು ನೇರವಾಗಿ ತಟ್ಟಿದ ಕೇಸೊಂದಿದೆ. ಅದರ ಬಗ್ಗೆ ನಮ್ಮವರು ಮಾತಾಡಿದ್ದು ಕಡಿಮೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಮಾನಿಸಿದ ಭಗತ್ ಸಿಂಗ್ ಥಿಂಡ್ ಕೇಸು. (ನಮ್ಮ ಹುತಾತ್ಮ ಭಗತ್ ಸಿಂಗ್ ಅಲ್ಲ, ಈತ ಬೇರೆ.)

ಮೊದಲು ಕಾನೂನು ಏನಿತ್ತು ಅಂತ ನೋಡೋಣ. ಹೊರಗಿನಿಂದ ಬಂದವರಲ್ಲಿ ಯಾರು ಪೌರರಾಗಬಹುದು ಅನ್ನೋದಕ್ಕೆ 1790ರ ಕಾಯ್ದೆ ಕೊಟ್ಟ ಉತ್ತರ: 'ಸ್ವತಂತ್ರ ಬಿಳಿಯ ವ್ಯಕ್ತಿ'. ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಇವೆರಡರ ನಡುವೆ ಇರೋ ಏಷ್ಯಾದವರ ಗತಿ? ಬಿಳಿಯ ಅಂದರೆ ಯಾರು ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಸಿರಿಯಾದವರು, ಅರ್ಮೇನಿಯಾದವರು, ಜಪಾನಿನವರು, ನಮ್ಮವರು ಎಲ್ಲರೂ ಒಬ್ಬೊಬ್ಬರಾಗಿ ಕೋರ್ಟಿನ ಮುಂದೆ ನಿಂತು 'ಸ್ವಾಮೀ, ನಾನು ಬಿಳಿಯ' ಅಂತ ವಾದಿಸಬೇಕಾಗಿ ಬಂತು. ಒಬ್ಬ ಜಡ್ಜು ಹೌದು ಅಂದರೆ ಪಕ್ಕದೂರಿನ ಜಡ್ಜು ಅಲ್ಲ ಅನ್ನುತ್ತಿದ್ದ.

ಥಿಂಡ್ ಹುಟ್ಟಿದ್ದು 1892ರಲ್ಲಿ, ಪಂಜಾಬಿನ ಅಮೃತಸರದ ಕಡೆ. 1913ರಲ್ಲಿ ಅಮೆರಿಕಕ್ಕೆ ಬಂದು ಆರೆಗಾನಿನ ಮರದ ಮಿಲ್ಲುಗಳಲ್ಲಿ ದುಡಿದ. ಮೊದಲ ಮಹಾಯುದ್ಧದ ಹೊತ್ತಿಗೆ, 1918ರಲ್ಲಿ, ಅಮೆರಿಕದ ಸೈನ್ಯ ಸೇರಿದ. ಕ್ಯಾಂಪ್ ಲೂಯಿಸ್‌ನಲ್ಲಿ ಸಮವಸ್ತ್ರದ ಮೇಲೆ ಪೇಟ ಕಟ್ಟಿ ನಿಂತ ಆತನ ಫೋಟೋ ಇದೆ, ನೋಡುವಂಥದ್ದು. ಅದೇ ವರ್ಷ ಡಿಸೆಂಬರ್ 9ರಂದು ವಾಷಿಂಗ್ಟನ್ ರಾಜ್ಯದಲ್ಲಿ ಪೌರತ್ವ ಸಿಕ್ಕಿತು. ನಾಲ್ಕೇ ದಿನ! 'ನೀನು ಬಿಳಿಯನಲ್ಲ' ಅಂತ ವಾಪಸ್ ಕಿತ್ತುಕೊಂಡರು. ಆತ ಬಿಡಲಿಲ್ಲ, ಆರೆಗಾನಿನಲ್ಲಿ ಮತ್ತೆ ಅರ್ಜಿ ಹಾಕಿದ. ಈ ಮನುಷ್ಯನಿಗೆ ಗದರ್ ಪಕ್ಷದವರ ಜೊತೆ ನಂಟಿದೆ ಅಂತ ಸರ್ಕಾರದವರು ತಕರಾರು ತೆಗೆದರು. ಭಾರತ ಭಾರತೀಯರದ್ದಾಗಬೇಕು ಅನ್ನೋದನ್ನು ಥಿಂಡ್ ಮುಚ್ಚಿಡಲಿಲ್ಲ, ಸಶಸ್ತ್ರ ಕ್ರಾಂತಿ ಮಾತ್ರ ತನ್ನ ದಾರಿಯಲ್ಲ ಅಂದ. ಜಡ್ಜ್ ವುಲ್ವರ್ಟನ್‌ಗೆ ಅಷ್ಟು ಸಾಕಾಯಿತು. 1920ರಲ್ಲಿ ಎರಡನೇ ಸಲ ಪೌರತ್ವ. ಸರ್ಕಾರ ಮೇಲ್ಮನವಿ ಹೋಯಿತು.

ಇಲ್ಲಿ ಇನ್ನೊಂದು ಕೇಸು ಅಡ್ಡ ಬರುತ್ತೆ. ತಕಾವೊ ಒಜಾವಾ ಜಪಾನಿನವನು, ಇಪ್ಪತ್ತು ವರ್ಷ ಅಮೆರಿಕದ ನೆಲದಲ್ಲೇ ಇದ್ದವನು, ಬರ್ಕ್ಲಿಯಲ್ಲಿ ಓದಿದವನು. ಮನೆಯಲ್ಲೂ ಇಂಗ್ಲಿಷೇ. 1922ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಆತನಿಗೆ ಆಗಲ್ಲ ಅಂದಿತು. ಚರ್ಮದ ಬಣ್ಣ ನೋಡಿ ಹೇಳೋಕಾಗದು, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಬಿಳಿಯ ಅಂದರೆ ಕಕೇಶಿಯನ್ ಬುಡಕಟ್ಟಿನವನು, ಜಪಾನಿನವನು ಕಕೇಶಿಯನ್ ಅಲ್ಲ, ಮುಗೀತು. ತೀರ್ಪು ಬರೆದವರು ಜಸ್ಟಿಸ್ ಜಾರ್ಜ್ ಸದರ್ಲೆಂಡ್. (ಸದರ್ಲೆಂಡರೇ ಇಂಗ್ಲೆಂಡಿನಲ್ಲಿ ಹುಟ್ಟಿ ಕೂಸಾಗಿದ್ದಾಗ ವಲಸೆ ಬಂದವರು. ಅವರನ್ನು ಯಾರೂ ಕೇಳಲಿಲ್ಲ ಬಿಡಿ.)

ಥಿಂಡ್ ಕಡೆಯವರಿಗೆ ಇದು ಹಬ್ಬದ ಸುದ್ದಿಯೇ ಆಗಿರಬೇಕು. ಯಾಕಂದರೆ ಆ ಕಾಲದ ಜನಾಂಗಶಾಸ್ತ್ರದ ಪುಸ್ತಕಗಳಲ್ಲಿ ಉತ್ತರ ಭಾರತದವರು ಆರ್ಯರು, ಕಕೇಶಿಯನ್ನರು ಅಂತಲೇ ಬರೆದಿತ್ತು. ಕೋರ್ಟು ಹಾಕಿದ ಲೆಕ್ಕದಲ್ಲೇ ಉತ್ತರ ಬಂದ ಹಾಗೆ. ಆದರೆ ವಾದ ಅಷ್ಟಕ್ಕೇ ನಿಲ್ಲಲಿಲ್ಲ. ಥಿಂಡ್ ತಾನು 'ಮೇಲ್ಜಾತಿಯ ಹಿಂದೂ' ಅಂತ ಹೇಳಿಕೊಂಡ. ಆಗ ಅಲ್ಲಿ ಭಾರತದ ಎಲ್ಲರಿಗೂ ಹಿಂದೂ ಅಂತಲೇ ಹೆಸರು, ಸಿಖ್ಖರಿಗೂ ಸೇರಿ, ಅದೇನೋ ಸರಿ. ಆದರೆ ಅವನ ಪರ ಸಲ್ಲಿಸಿದ ವಾದಪತ್ರ ಇನ್ನೂ ಮುಂದೆ ಹೋಗುತ್ತೆ: ಮದುವೆ ಸಂಬಂಧದ ವಿಷಯದಲ್ಲಿ ಅಮೆರಿಕದ ಬಿಳಿಯರು ಕಪ್ಪು ಜನರನ್ನು ಹೇಗೆ ದೂರ ಇಡುತ್ತಾರೋ, ಮೇಲ್ಜಾತಿಯವನೂ ಅಲ್ಲಿನ ಮೂಲನಿವಾಸಿಗಳನ್ನು ಹಾಗೇ ದೂರ ಇಡುತ್ತಾನೆ, ಆದ್ದರಿಂದ ಅವನ ರಕ್ತ ಶುದ್ಧ.

ಈ ವಾಕ್ಯಕ್ಕೆ ಬಂದಾಗ ನನಗೆ ಮುಂದಕ್ಕೆ ಓದೋಕಾಗಲಿಲ್ಲ. ಜಾತಿ ಬೇಡ ಅಂತ ಹುಟ್ಟಿದ ಧರ್ಮದವನೊಬ್ಬ, ಬ್ರಿಟಿಷರ ಗುಲಾಮಗಿರಿ ಬೇಡ ಅಂತಿದ್ದವನು, ಹೊರದೇಶದ ಕೋರ್ಟಿನಲ್ಲಿ ಅಸ್ಪೃಶ್ಯತೆಯನ್ನು ಸರ್ಟಿಫಿಕೇಟಿನ ಥರ ಮುಂದಿಡೋದು! ಗೋಡೆಯೇ ಇರಬಾರದು ಅಂತಲ್ಲ, ನನ್ನನ್ನು ಒಳಗಡೆ ಬಿಡಿ ಅಂತ. ಬೇರೆ ವಾದಕ್ಕೆ ಕಾಯ್ದೆಯಲ್ಲಿ ಜಾಗ ಇರಲಿಲ್ಲ, ಒಪ್ಪೋಣ. ಆದರೂ ಇಷ್ಟು ಬರೆಯಲೇಬೇಕಿತ್ತು ಅಂತ ನನಗನ್ನಿಸುವುದಿಲ್ಲ.

1923ರ ಫೆಬ್ರವರಿ 19ಕ್ಕೆ ತೀರ್ಪು. ಮತ್ತೆ ಒಮ್ಮತ, ಮತ್ತೆ ಬರೆದವರು ಸದರ್ಲೆಂಡ್. ಮೂರು ತಿಂಗಳ ಹಿಂದೆ ತಾವೇ ಹಿಡಿದಿದ್ದ ಕಕೇಶಿಯನ್ ಅನ್ನೋ ಅಳತೆಗೋಲನ್ನು ಈಗ ಆಚೆ ಎಸೆದರು. ವಿಜ್ಞಾನಿಗಳು ಏನು ಬೇಕಾದರೂ ಹೇಳಿಕೊಳ್ಳಲಿ, ಕಾಯ್ದೆಯಲ್ಲಿರೋದು ಸಾಮಾನ್ಯ ಮನುಷ್ಯನ ಭಾಷೆ. ಯಾವುದೋ ಪುರಾತನ ಕಾಲದಲ್ಲಿ ಎಲ್ಲರಿಗೂ ಒಬ್ಬನೇ ಮುತ್ತಾತ ಇದ್ದಿರಬಹುದು, ಇವತ್ತು ಬಿಳಿಯ ಅಂದರೆ ಯಾರು ಅಂತ ಸಾಮಾನ್ಯ ಮನುಷ್ಯನಿಗೆ ಗೊತ್ತಿದೆ. ಇದರಲ್ಲಿ ಮೇಲು ಕೀಳಿನ ಪ್ರಶ್ನೆಯೇ ಇಲ್ಲ, ವ್ಯತ್ಯಾಸ ಅಷ್ಟೇ, ಅಂತ ಒಂದು ಮಾತೂ ಸೇರಿಸಿದರು. ಜಾತಿಯ ವಾದಕ್ಕೂ ಉತ್ತರ ಇತ್ತು: ರಕ್ತ ಬೆರೆಯದಂತೆ ತಡೆಯೋಕೆ ಜಾತಿ ಕಟ್ಟಳೆ ಇದ್ದದ್ದು ಹೌದು, ಆದರೆ ಅದು ಪೂರ್ತಿ ಗೆದ್ದ ಹಾಗೆ ಕಾಣುವುದಿಲ್ಲ. ಯಾವ ಶುದ್ಧತೆಯನ್ನು ಹೇಳಿಕೊಂಡು ಹೋಗಿದ್ದರೋ ಅದೂ ಕೈಬಿಟ್ಟಿತು.

ಥಿಂಡ್ ಒಬ್ಬನದ್ದೇ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತೀರ್ಪು ಹಿಡಿದುಕೊಂಡು ಸರ್ಕಾರ ಮೊದಲೇ ಪೌರರಾಗಿದ್ದ ಭಾರತೀಯರ ಬೆನ್ನು ಹತ್ತಿತು. ವೈಷ್ಣೋದಾಸ್ ಬಗಾಯಿ ಪೇಶಾವರದವರು. 1915ರಲ್ಲಿ ಹೆಂಡತಿ ಕಲಾ, ಮೂರು ಗಂಡುಮಕ್ಕಳ ಜೊತೆ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದು ಅಂಗಡಿ ಇಟ್ಟಿದ್ದರು. 1921ರಲ್ಲಿ ಪೌರರಾದರು. ತೀರ್ಪಿನ ನಂತರ ಅದು ಹೋಯಿತು. ಪೌರತ್ವ ಪಡೆಯಲಾಗದವರು ಭೂಮಿ ಹೊಂದುವಂತಿಲ್ಲ ಅನ್ನೋ ಕ್ಯಾಲಿಫೋರ್ನಿಯಾ ಕಾನೂನು ಇತ್ತಲ್ಲ, ಅದರಿಂದ ಆಸ್ತಿ, ಅಂಗಡಿ ಎಲ್ಲಾ ಮಾರಬೇಕಾಯಿತು. ಊರಿಗೊಮ್ಮೆ ಹೋಗಿ ಬರೋಣ ಅಂದರೆ ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೋ ಅಂದರು. ಬ್ರಿಟಿಷರ ಆಳ್ವಿಕೆ ಬೇಡ ಅಂತಲೇ ಬಂದಿದ್ದ ಮನುಷ್ಯ! 1928ರಲ್ಲಿ ಸ್ಯಾನ್‌ಹೋಸೆಯಲ್ಲಿ ಗ್ಯಾಸ್ ತೆರೆದಿಟ್ಟುಕೊಂಡು ಪ್ರಾಣ ಬಿಟ್ಟರು. ಸಾಯುವ ಮುನ್ನ ಸ್ಯಾನ್‌ಫ್ರಾನ್ಸಿಸ್ಕೋ ಎಕ್ಸಾಮಿನರ್ ಪತ್ರಿಕೆಗೆ ಪತ್ರ ಬರೆದಿದ್ದರು, ಮನೆ ಅಂತ ಕಟ್ಟಿಕೊಂಡ ದೇಶ ತನ್ನನ್ನು ಹೊರಗಿಟ್ಟಿತು ಅಂತ. ಕಲಾ ಅಲ್ಲೇ ಉಳಿದು ಮೂವರು ಮಕ್ಕಳನ್ನೂ ಕಾಲೇಜು ಓದಿಸಿದರು. ಒಂದು ಕಾಲಕ್ಕೆ ಬರ್ಕ್ಲಿಯಲ್ಲಿ ಈ ಕುಟುಂಬ ಕೊಂಡ ಮನೆಯೊಳಗೆ ಕಾಲಿಡಲು ನೆರೆಹೊರೆಯವರು ಬಿಟ್ಟಿರಲಿಲ್ಲ. ಈಗ ಅದೇ ಊರಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ.

ಸುಪ್ರೀಂ ಕೋರ್ಟಿನಲ್ಲಿ ಥಿಂಡ್ ಪರ ನಿಂತ ವಕೀಲ ಸಖಾರಾಂ ಗಣೇಶ್ ಪಂಡಿತ್ ಅವರ ಪೌರತ್ವಕ್ಕೂ ಸರ್ಕಾರ ಕೈಹಾಕಿತು. ಅವರು 1914ರಲ್ಲೇ ಪೌರರಾದವರು. ಈ ಸಲ ಗೆದ್ದದ್ದು ಆರ್ಯರ ಕತೆ ಅಲ್ಲ. ಕೋರ್ಟು ಒಮ್ಮೆ ತೀರ್ಮಾನ ಮಾಡಿದೆ, ಆಗ ಸರ್ಕಾರ ಮೇಲ್ಮನವಿ ಹೋಗಲಿಲ್ಲ, ಅದನ್ನು ನಂಬಿ ನಾನು ಬದುಕು ಕಟ್ಟಿಕೊಂಡೆ, ಈಗ ಕೆದಕುವಂತಿಲ್ಲ ಅನ್ನೋ ಸರಳ ವಾದ. 1926ರಲ್ಲಿ ಗೆದ್ದರು. ಮರುವರ್ಷ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ, ಉಳಿದವರ ಮೇಲಿನ ಕೇಸುಗಳೂ ನಿಂತವು. ಬಗಾಯಿಯವರಿಗೆ ಇದರಿಂದ ಏನೂ ಆಗಲಿಲ್ಲ.

ಥಿಂಡ್‌ಗೆ ಕೊನೆಗೂ 1936ರಲ್ಲಿ, ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಜನಾಂಗ ನೋಡದೆ ಪೌರತ್ವ ಕೊಡುವ ಹೊಸ ಕಾಯ್ದೆಯಡಿ ಸಿಕ್ಕಿತು, ಮೂರನೇ ಸಲ. ಆತ ಅಧ್ಯಾತ್ಮದ ಉಪನ್ಯಾಸ ಕೊಡುತ್ತಾ 1967ರವರೆಗೆ ಬದುಕಿದ್ದ. ಉಳಿದ ಭಾರತೀಯರಿಗೆ 1946ರ ಕಾಯ್ದೆ ಬಾಗಿಲು ತೆಗೆಯಿತು, ವರ್ಷಕ್ಕೆ ಬರೀ 100 ಜನ ಹೊಸಬರು. ಪೌರತ್ವಕ್ಕೆ ಜನಾಂಗದ ಷರತ್ತು ಪೂರ್ತಿ ಹೋದದ್ದು 1952ರಲ್ಲಿ.

ಥಿಂಡ್ ತೀರ್ಪಿಗೆ ನೂರು ವರ್ಷ ತುಂಬಿ ಎರಡು ದಿನಕ್ಕೆ, 2023ರ ಫೆಬ್ರವರಿ 21ರಂದು, ಅದೇ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದ್ದೇ ಮಸೂದೆ ಒಪ್ಪಿದರೂ ಅಕ್ಟೋಬರಿನಲ್ಲಿ ಗವರ್ನರ್ ಸಹಿ ಹಾಕದೆ ತಿರಸ್ಕರಿಸಿದರು. ಎರಡೂ ಕಡೆ ನಮ್ಮವರೇ ಬೇಕು, ಬೇಡ ಅಂತ ಎರಡು ಪಂಗಡವಾಗಿ ನಿಂತಿದ್ದರು. ಅಮೆರಿಕದಲ್ಲಿ ಜಾತಿ ಎಲ್ಲಿದೆ ಸ್ವಾಮಿ ಅನ್ನೋ ಮಾತು ಆಗ ಬಹಳ ಕೇಳಿಬಂತು. 1923ರಲ್ಲೇ ಅದು ಸುಪ್ರೀಂ ಕೋರ್ಟಿನ ಕಡತ ಸೇರಿತ್ತು.